ಕಥೆಯ ಮೊದಲ ಕರಡು ತಿದ್ದುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

"ನಾಲ್ಕು ಸಲ ತಿದ್ದಿದ್ದೇನೆ, ಆದರೂ ಎಲ್ಲೋ ಕೂರುತ್ತಿಲ್ಲ, ಸ್ವಲ್ಪ ನೋಡಿ" ಎಂದು ಕಥೆ ಕಳಿಸುವವರು ಆಗಾಗ ಸಿಗುತ್ತಾರೆ. ತೆರೆದು ನೋಡಿದರೆ ಕಾಗುಣಿತ ಚೊಕ್ಕವಾಗಿರುತ್ತದೆ. ಮೊದಲ ಪುಟ ಫಳಫಳ ಹೊಳೆಯುತ್ತಿರುತ್ತದೆ. ಐದನೇ ಪುಟಕ್ಕೆ ಬರುವಷ್ಟರಲ್ಲಿ ಕಥೆ ಕುಸಿದು ಕೂತಿರುತ್ತದೆ. ಕೇಳಿದರೆ ಗೊತ್ತಾಗುವುದಿಷ್ಟು: ನಾಲ್ಕು ಸಲವೂ ಮೊದಲ ಸಾಲಿನಿಂದಲೇ ಶುರುಮಾಡಿದ್ದಾರೆ, ಪದ ಬದಲಿಸಿದ್ದಾರೆ, ಮೂರನೇ ಪುಟದ ಹೊತ್ತಿಗೆ ದಣಿದಿದ್ದಾರೆ.

ತಿದ್ದುವ ಕೆಲಸಕ್ಕೆ ಒಂದು ಅನುಕ್ರಮ ಇದೆ. ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ನಾಳೆ ಕಿತ್ತುಹಾಕಲಿರುವ ದೃಶ್ಯದ ಅಲ್ಪವಿರಾಮ ಇವತ್ತು ಸರಿಪಡಿಸಿದರೆ ಎರಡು ನಷ್ಟ. ಸಮಯ ಹೋಗುತ್ತದೆ, ಮತ್ತು ಅಷ್ಟು ಚೆಂದ ಮಾಡಿದ ಮೇಲೆ ಆ ದೃಶ್ಯ ಕೀಳಲು ಕೈ ಬರುವುದಿಲ್ಲ. ಎರಡನೆಯದೇ ಹೆಚ್ಚು ಅಪಾಯ.

ಉದಾಹರಣೆಗೆ ನನ್ನದೇ ಒಂದು ಕರಡು ಇಟ್ಟುಕೊಳ್ಳುತ್ತೇನೆ. ಹೆಸರು 'ಚಿಲ್ಲರೆ'. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬ ಹೆಂಗಸಿನ ಟಿಕೆಟ್ ಹಿಂದೆ 140 ಎಂದು ಬರೆದುಕೊಡುತ್ತಾನೆ. ಆಕೆ ಚಿಲ್ಲರೆ ಕೇಳದೆ ಬಂಕಾಪುರದಲ್ಲಿ ಇಳಿದು ಹೋಗುತ್ತಾಳೆ. ಮೊದಲ ಕರಡು 4,100 ಪದ. ಕಳಿಸಬೇಕಿದ್ದ ಕಡೆ ಮಿತಿ 2,500.

ಕೈಗೆ ಬೇಕಾದ ಸಾಮಾನು

ಕರಡಿನ ಮುದ್ರಿತ ಪ್ರತಿ, ಎ4 ಹಾಳೆಯ ಒಂದೇ ಬದಿಗೆ, ಸಾಲುಗಳ ನಡುವೆ ಎರಡರಷ್ಟು ಅಂತರ, ಬಲಗಡೆ ಮೂರು ಬೆರಳಗಲ ಖಾಲಿ ಜಾಗ. ಎರಡು ಬಣ್ಣದ ಪೆನ್ನು. ಒಂದು ನೋಟ್‌ಬುಕ್. ಕಂಪ್ಯೂಟರಿನಲ್ಲಿ 'ಕತ್ತರಿಸಿದ್ದು' ಎಂಬ ಹೆಸರಿನ ಪ್ರತ್ಯೇಕ ಕಡತ. ಕಿತ್ತದ್ದೆಲ್ಲ ಅಲ್ಲಿಗೆ ಹೋಗಬೇಕು. ಬಿಸಾಡಿಲ್ಲ, ಎತ್ತಿಟ್ಟಿದ್ದೇನೆ ಅನ್ನುವ ಧೈರ್ಯ ಇದ್ದರೆ ಕತ್ತರಿ ಸಲೀಸಾಗಿ ಓಡುತ್ತದೆ.

ಕಡತದ ಹೆಸರಿನಲ್ಲಿ ತಾರೀಕು ಹಾಕಿ. 'ಚಿಲ್ಲರೆ ಫೈನಲ್', 'ಚಿಲ್ಲರೆ ಫೈನಲ್ ಹೊಸದು', 'ಚಿಲ್ಲರೆ ಇದೇ ಫೈನಲ್' ಎಂದು ಮೂರು ಕಡತ ಇಟ್ಟುಕೊಂಡು ಸಂಪಾದಕರಿಗೆ ತಪ್ಪಾದದ್ದನ್ನು ಕಳಿಸಿದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬ ನಾನೇ.

ಇನ್ನೊಂದು: 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ತಿದ್ದಲು ಕೂರುವ ಮುಂಚೆಯೇ ಯೂನಿಕೋಡ್‌ಗೆ ಪರಿವರ್ತಿಸಿಬಿಡಿ. ಎಲ್ಲ ತಿದ್ದಿದ ಮೇಲೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು, ಉದ್ಧರಣ ಚಿಹ್ನೆಗಳು ಅಲ್ಲಲ್ಲಿ ಎಡವಟ್ಟಾಗಿ, ಮತ್ತೆ ಮೊದಲಿಂದ ಅಕ್ಷರ ಅಕ್ಷರ ನೋಡಬೇಕಾಗುತ್ತದೆ. ನಡುನಡುವೆ ರೋಮನ್ ಲಿಪಿಯ ಪದಗಳಿದ್ದರಂತೂ ಅವೂ ಕನ್ನಡದ ಚಿತ್ರಾನ್ನವಾಗಿ ಹೊರಬರುತ್ತವೆ.

1. ಮುಚ್ಚಿಡಿ

ಮೂರು ವಾರ. ಕೊನೆಯ ದಿನಾಂಕ ಹತ್ತಿರವಿದ್ದರೆ ನಾಲ್ಕು ದಿನವಾದರೂ. ಬರೆದ ಮರುದಿನ ಓದಿದರೆ ಕಣ್ಣು ಕಾಗದದ ಮೇಲಿರುವುದನ್ನು ಓದುವುದಿಲ್ಲ, ತಲೆಯಲ್ಲಿರುವುದನ್ನು ಓದುತ್ತದೆ. ಬಿಟ್ಟುಹೋದ ವಾಕ್ಯವನ್ನೂ ತುಂಬಿಕೊಂಡು ಮುಂದೆ ಹೋಗುತ್ತದೆ.

ಅಷ್ಟೂ ದಿನ ಇಲ್ಲವೆಂದಾದರೆ ಫಾಂಟು ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಬೇರೆ ಕೋಣೆಯಲ್ಲಿ ಕೂತು ಓದಿ. ಅರ್ಧ ಉಪಯೋಗ ಆಗುತ್ತದೆ.

2. ಒಂದೇ ಕೂತಿಗೆ ಓದಿ, ತಿದ್ದಬೇಡಿ

ಫೋನು ಆಚೆ ಇಡಿ. ಮುದ್ರಿತ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಎದ್ದೇಳದೆ ಓದಿ. ಪೆನ್ನು ಕೈಯಲ್ಲಿರಲಿ, ಆದರೆ ಅಂಚಿನಲ್ಲಿ ಮೂರೇ ಗುರುತು ಹಾಕಲು ಅನುಮತಿ. ಬೇಸರ ಬಂದ ಕಡೆ 'ಬೇ', ಯಾರು ಏನು ಎಂದು ಗೊಂದಲವಾದ ಕಡೆ 'ಗೊ', ಬರೆದವರಿಗೇ ನಂಬಿಕೆ ಬಾರದ ಕಡೆ 'ಸು', ಅಂದರೆ ಸುಳ್ಳು.

ಈ ಮೂರರಲ್ಲಿ 'ಸು' ಹಾಕುವುದೇ ಕಷ್ಟ. 'ಚಿಲ್ಲರೆ'ಯ ಕೊನೆಯಲ್ಲಿ ಕಂಡಕ್ಟರನ ಕಣ್ಣಲ್ಲಿ ನೀರು ಬರಿಸಿದ್ದೆ. ಓದುವಾಗ ನನಗೇ ಮುಜುಗರವಾಯಿತು. ಆದರೂ ಗುರುತು ಹಾಕಲು ಕೈ ತಡೆಯಿತು, ಯಾಕೆಂದರೆ ಇಡೀ ಕಥೆ ಬರೆದದ್ದೇ ಆ ಕಣ್ಣೀರಿಗಾಗಿ.

ಸಾಮಾನ್ಯ ತಪ್ಪು: ಓದುತ್ತ ಓದುತ್ತ 'ಇದೊಂದು ಪದ ಬದಲಿಸಿಬಿಡೋಣ' ಅನ್ನುವುದು. ಒಂದು ಪದ ಹತ್ತಾಗುತ್ತದೆ. ಓದು ಅಲ್ಲಿಗೆ ಮುಗಿಯುತ್ತದೆ.

3. ಕಥೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ. ಯಾರು, ಅವರಿಗೆ ಏನು ಬೇಕು ಅಥವಾ ಏನು ಮಾಡಿದರು, ಕೊನೆಗೆ ಯಾವುದು ಮೊದಲಿನಂತೆ ಉಳಿಯಲಿಲ್ಲ. ಈ ಮೂರೂ ಅದರಲ್ಲಿ ಇರಬೇಕು.

ನನ್ನ ಮೊದಲ ಪ್ರಯತ್ನ ಹೀಗಿತ್ತು: 'ಇದು ಪ್ರಾಮಾಣಿಕತೆಯ ಬಗ್ಗೆ, ಬಡತನದಲ್ಲೂ ಮನುಷ್ಯ ಹೇಗೆ ಒಳ್ಳೆಯವನಾಗಿರಬಲ್ಲ ಎಂಬ ಬಗ್ಗೆ.' ಇದು ಭಾಷಣದ ವಿಷಯವಾಯಿತು. ಇದರಲ್ಲಿ ಯಾರೂ ಏನೂ ಮಾಡುತ್ತಿಲ್ಲ. ನಿಮ್ಮ ವಾಕ್ಯದಲ್ಲಿ 'ಬಗ್ಗೆ', 'ಕುರಿತು' ಬಂದರೆ ಅದನ್ನೇ ಎಚ್ಚರಿಕೆಯ ಗಂಟೆ ಅಂದುಕೊಳ್ಳಿ.

ಏಳೆಂಟು ಸಲ ಹೊಡೆದುಹಾಕಿದ ಮೇಲೆ ಇದು ಸಿಕ್ಕಿತು: 'ಚಿಲ್ಲರೆ ಕೊಡುವುದು ಮರೆತವನಂತೆ ನಟಿಸಿದ ಕಂಡಕ್ಟರ್ ಮರುದಿನ ಹಣ ಕೊಡಲು ಹೋದಾಗ, ತಾನು ನಟಿಸಿದ್ದು ಆಕೆಗೆ ಆಗಲೇ ಗೊತ್ತಿತ್ತು ಎಂದು ತಿಳಿಯುತ್ತದೆ.' ಕರಡಿನಲ್ಲಿ ಅವನು ನಟಿಸಿರಲಿಲ್ಲ, ನಿಜವಾಗಿಯೂ ಮರೆತಿದ್ದ. ಈ ವಾಕ್ಯ ಬರೆಯುವಾಗ ಕಥೆ ಹೊರಳಿತು. ಒಳ್ಳೆಯವನ ಕಥೆ ಹೋಗಿ, ಒಂದು ಕ್ಷಣ ಸುಮ್ಮನಿದ್ದವನ ಕಥೆ ಬಂತು. ಅರ್ಧ ದಿನ ಬೇಕಾದರೂ ಈ ಹಂತಕ್ಕೆ ಕೊಡಿ. ಇಲ್ಲಿ ಗಡಿಬಿಡಿ ಮಾಡಿದರೆ ಮುಂದಿನ ಹಂತಗಳಲ್ಲಿ ಯಾವುದನ್ನು ಉಳಿಸಬೇಕು ಎಂದು ನಿರ್ಧರಿಸಲು ಅಳತೆಗೋಲೇ ಇರುವುದಿಲ್ಲ.

4. ದೃಶ್ಯಗಳ ಪಟ್ಟಿ

ಈಗ ಕರಡನ್ನು ದೃಶ್ಯಗಳಾಗಿ ಒಡೆದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಜಾಗ ಅಥವಾ ಸಮಯ ಬದಲಾದರೆ ಹೊಸ ದೃಶ್ಯ. ಪ್ರತಿಯೊಂದರ ಮುಂದೆ ಎರಡು ಸಂಗತಿ ಬರೆಯಿರಿ: ಸುಮಾರು ಎಷ್ಟು ಪದ, ಮತ್ತು ದೃಶ್ಯ ಮುಗಿಯುವಾಗ ಏನು ಬದಲಾಯಿತು. ನನ್ನ ಪಟ್ಟಿ ಇದು.

ಬೆಳಗಿನ ಜಾವ ಏಳುವುದು, ಹೆಂಡತಿ ಚಹಾ ಕೊಡುವುದು: 500 ಪದ, ಏನೂ ಬದಲಾಗಲಿಲ್ಲ.
ಡಿಪೋದಲ್ಲಿ ಹರಟೆ: 350, ಏನೂ ಇಲ್ಲ.
ಹುಬ್ಬಳ್ಳಿ ನಿಲ್ದಾಣ, ನೂಕುನುಗ್ಗಲು: 400, ಬಸ್ಸು ಹೊರಟಿತು, ಅಷ್ಟೆ.
ಹೆಂಗಸು 200ರ ನೋಟು ಕೊಡುವುದು, ಟಿಕೆಟ್ ಹಿಂದೆ 140 ಬರೆಯುವುದು: 250, ಸಾಲ ಹುಟ್ಟಿತು.
ಅಪ್ಪನ ಕಿರಾಣಿ ಅಂಗಡಿಯ ನೆನಪು: 600, ಏನೂ ಇಲ್ಲ.
ಬಂಕಾಪುರದಲ್ಲಿ ಆಕೆ ಇಳಿಯುವುದು: 150, ಆಕೆ ಹೋದಳು, ಹಣ ಉಳಿಯಿತು.
ಹಾವೇರಿಯಲ್ಲಿ ಡ್ರೈವರ್ ಜೊತೆ ಊಟ: 450, ಏನೂ ಇಲ್ಲ.
ಮರಳುವಾಗ ಚೆಕಿಂಗ್‌ನವರು ಹತ್ತುವುದು: 200, ಭಯ.
ಮನೆ, ಮಗಳ ನೋಟ್‌ಬುಕ್ಕಿನ ಖರ್ಚು: 400, ಆಸೆ.
ಮರುದಿನ ಬಂಕಾಪುರದಲ್ಲಿ ಹುಡುಕಾಟ: 300.
ಆಕೆ ಸಿಗುವುದು, ಕಣ್ಣೀರು: 500.

ಪಟ್ಟಿ ನೋಡಿದರೆ ಕಾಯಿಲೆ ಯಾರೂ ಹೇಳಬೇಕಿಲ್ಲ. ಕಥೆ ಹುಟ್ಟುವ ಮುಂಚೆ 1,250 ಪದ ಹೋಗಿದೆ. ಇಡೀ ಕಥೆ ನಿಂತಿರುವ ಬಂಕಾಪುರದ ಕ್ಷಣಕ್ಕೆ ಸಿಕ್ಕಿದ್ದು 150. ಬರೆಯಲು ಸುಲಭವಾದದ್ದನ್ನು ಉದ್ದ ಬರೆದು, ಕಷ್ಟವಾದದ್ದನ್ನು ಹಾರಿಸಿದ್ದೇನೆ. ನಾನು ನೋಡಿದ ಕರಡುಗಳಲ್ಲಿ ಬಹುಪಾಲು ಹೀಗೇ ಇರುತ್ತವೆ.

ಪಟ್ಟಿಯ ಪ್ರತಿ ಸಾಲಿಗೂ ಮೂರರಲ್ಲಿ ಒಂದು ಗತಿ ಕಾಣಿಸಿ. ಇಡುವುದು, ಕೀಳುವುದು, ಒಂದೆರಡು ಸಾಲಿಗೆ ಇಳಿಸಿ ಬೇರೆ ದೃಶ್ಯದೊಳಗೆ ಸೇರಿಸುವುದು. ನಾನು ಬೆಳಗು, ಡಿಪೋ, ಊಟ ಮೂರನ್ನೂ ಕಿತ್ತೆ. ನಿಲ್ದಾಣವನ್ನು ಎರಡು ವಾಕ್ಯಕ್ಕೆ ಇಳಿಸಿದೆ. ಅಪ್ಪನ ಅಂಗಡಿ ಒಂದೇ ಸಾಲಾಗಿ, ಅವನು ಟಿಕೆಟ್ ಹಿಂದೆ ಬರೆಯುವ ಕಡೆ ಬಂತು: 'ಅಪ್ಪನ ಉದ್ರಿ ಪುಸ್ತಕದಲ್ಲೂ ಅಂಕಿಯ ಕೆಳಗೆ ಹೀಗೇ ಎರಡು ಗೆರೆ ಇರುತ್ತಿದ್ದವು.' 600 ಪದ ಮಾಡಬೇಕಿದ್ದ ಕೆಲಸ ಅದೊಂದೇ ಮಾಡಿತು.

ಬಂಕಾಪುರದ ದೃಶ್ಯ 150ರಿಂದ 500ಕ್ಕೆ ಬೆಳೆಯಿತು. ತಿದ್ದುವುದೆಂದರೆ ಕತ್ತರಿಸುವುದು ಎಂದೇ ಹಲವರು ನಂಬಿದ್ದಾರೆ. ಬೆಳೆಸಬೇಕಾದ್ದೂ ಇರುತ್ತದೆ, ಮತ್ತು ಅದು ಸಾಮಾನ್ಯವಾಗಿ ನೀವು ಬೇಗ ದಾಟಿಹೋದ ಜಾಗವೇ ಆಗಿರುತ್ತದೆ.

ಆರಂಭಕ್ಕೆ ಒಂದು ಪರೀಕ್ಷೆ ಇದೆ: ಮೊದಲ ಪುಟವನ್ನು ಬೆರಳಿಂದ ಮುಚ್ಚಿ ಎರಡನೇ ಪುಟದಿಂದ ಓದಿ. ಅರ್ಥವಾದರೆ ಮೊದಲ ಪುಟ ಬೇಡ. ಅಲಾರಾಂ ಹೊಡೆಯುವುದು, ಕಿಟಕಿಯಿಂದ ಬಿಸಿಲು ಬೀಳುವುದು, ಬಸ್ಸಿನ ಕಿಟಕಿಯಲ್ಲಿ ಹಳೆಯ ನೆನಪು ಬಿಚ್ಚಿಕೊಳ್ಳುವುದು, ಇವು ಬರೆಯುವವರು ಕೈ ಬಿಸಿ ಮಾಡಿಕೊಂಡ ಗುರುತುಗಳು. ಕೊನೆಗೂ ಅದೇ ಪರೀಕ್ಷೆ. ಕೊನೆಯ ಪ್ಯಾರಾ ಮುಚ್ಚಿ ಓದಿ. ಹತ್ತರಲ್ಲಿ ಏಳು ಸಲ ಕಥೆ ಅಲ್ಲೇ ಮುಗಿದಿರುತ್ತದೆ, ಆ ಪ್ಯಾರಾ ಓದುಗರಿಗೆ ಅರ್ಥವಾಯಿತೋ ಇಲ್ಲವೋ ಎಂದು ಮತ್ತೆ ಹೇಳುತ್ತಿರುತ್ತದೆ. 'ಚಿಲ್ಲರೆ' ಈಗ ಆಕೆ ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಟಿಕೆಟ್ ತೆಗೆದು ಅವನ ಮುಂದೆ ಹಿಡಿಯುವಲ್ಲಿಗೆ ನಿಲ್ಲುತ್ತದೆ. ಕಣ್ಣೀರು 'ಕತ್ತರಿಸಿದ್ದು' ಕಡತದಲ್ಲಿದೆ.

5. ಇಸವಿ, ನೋಟು, ಮಳೆ: ಸಂಗತಿಗಳ ತಾಳೆ

ಇದನ್ನು ಕೊನೆಗೆ ಮಾಡುವವರು ಹೆಚ್ಚು. ನಾನೂ ಹಾಗೇ ಮಾಡಿ ಕೆಟ್ಟೆ. ಸಂಗತಿ ತಪ್ಪಿದರೆ ಒಮ್ಮೊಮ್ಮೆ ದೃಶ್ಯವೇ ಬೀಳುತ್ತದೆ, ಆದ್ದರಿಂದ ವಾಕ್ಯಕ್ಕೆ ಕೈ ಹಾಕುವ ಮುಂಚೆಯೇ ಇದು ಮುಗಿಯಬೇಕು.

ಕರಡಿನಲ್ಲಿ ನಾನು ಕಥೆಯನ್ನು 2023ರ ಆಗಸ್ಟ್ ಮಳೆಯಲ್ಲಿ ಇಟ್ಟಿದ್ದೆ. ಎಲ್ಲ ನಯಗೊಳಿಸಿ ಗೆಳತಿಗೆ ಓದಲು ಕೊಟ್ಟರೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಹೆಂಗಸರಿಗೆ ಟಿಕೆಟ್ಟೇ ಫ್ರೀ ಅಲ್ವಾ, ಚಿಲ್ಲರೆ ಎಲ್ಲಿಂದ ಬಂತು?" ಶಕ್ತಿ ಯೋಜನೆ 2023ರ ಜೂನ್ 11ರಂದೇ ಶುರುವಾಗಿತ್ತು. ಸಾಮಾನ್ಯ ಬಸ್ಸಿನಲ್ಲಿ ಆಕೆಗೆ ಸಿಗುವುದು ಶೂನ್ಯ ಟಿಕೆಟ್. ಇಡೀ ಕಥೆ ಒಂದೇ ಏಟಿಗೆ ಬಿತ್ತು.

ಸರಿ, 2015ಕ್ಕೆ ಒಯ್ದೆ. ಆಗ 200ರ ನೋಟೇ ಇರಲಿಲ್ಲ. ಅದು ಬಂದದ್ದು 2017ರ ಆಗಸ್ಟ್‌ನಲ್ಲಿ. 500 ಕೊಡಿಸಿದರೆ ಬಾಕಿ 440 ಆಗುತ್ತದೆ, ಅಷ್ಟು ದೊಡ್ಡ ಮೊತ್ತ ಯಾರೂ ಕೇಳದೆ ಇಳಿಯುವುದಿಲ್ಲ. ಕೊನೆಗೆ 2018ರ ಮಳೆಗಾಲಕ್ಕೆ ತಂದು ನಿಲ್ಲಿಸಿದೆ.

ನಿಮ್ಮ ಕಥೆಯಲ್ಲಿ ದುಡ್ಡು, ವಾಹನ, ಫೋನು, ಊರಿನ ಹೆಸರು, ಬೆಳೆ, ಹಬ್ಬ ಬಂದ ಕಡೆಯೆಲ್ಲ ಎರಡನೇ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಿರಿ. 1985ರ ಬೆಂಗಳೂರಿನಲ್ಲಿ ಪಾತ್ರ ಬಿಎಂಟಿಸಿ ಬಸ್ಸು ಹತ್ತಿದರೆ ಹಳಬರು ಅಲ್ಲೇ ಓದು ನಿಲ್ಲಿಸುತ್ತಾರೆ. ಆಗ ಇದ್ದದ್ದು ಬಿಟಿಎಸ್, ಬಿಎಂಟಿಸಿ ಆದದ್ದು 1997ರಲ್ಲಿ. 2010ರಲ್ಲಿ ನಮ್ಮ ಮೆಟ್ರೊ ಓಡಿಸಬೇಡಿ, ಮೊದಲ ರೈಲು ಹೊರಟದ್ದು 2011ರ ಅಕ್ಟೋಬರ್‌ನಲ್ಲಿ. ಪಾತ್ರದ ಕಸುಬಿನ ವಿವರಕ್ಕೆ ಅದೇ ಕಸುಬಿನವರನ್ನು ಕೇಳುವುದೇ ಒಳ್ಳೆಯದು. ನಮ್ಮ ಬೀದಿಯ ನಿವೃತ್ತ ಕಂಡಕ್ಟರ್ ಒಬ್ಬರು ಹೇಳಿದ್ದು: ಡ್ಯೂಟಿ ಹತ್ತುವಾಗ ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟೆಂದು ಬರೆದುಕೊಡಬೇಕು, ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿ ಲೆಕ್ಕ ಹಾಕಿದಾಗ ಹೆಚ್ಚು ಬಂದರೂ ಜವಾಬು ಹೇಳಬೇಕು. ಆ ಮಾತು ಕೇಳಿದ ಮೇಲೆ ನನ್ನ ಚೆಕಿಂಗ್ ದೃಶ್ಯಕ್ಕೆ ಜೀವ ಬಂತು. ಆ 140 ರೂಪಾಯಿ ಈಗ ಚೀಲದಲ್ಲಿ ಕೂತ ಕೆಂಡ.

6. ಯಾರ ಕಣ್ಣು, ಯಾವ ಕಾಲ

ಕಥೆ ಯಾರ ಕಣ್ಣಿಂದ ಕಾಣುತ್ತಿದೆ? ಕಂಡಕ್ಟರನ ಕಣ್ಣಾದರೆ 'ಆಕೆಗೆ ಮನಸ್ಸಿನಲ್ಲೇ ನಗು ಬಂತು' ಎಂಬ ವಾಕ್ಯ ಅಲ್ಲಿ ಇರಕೂಡದು. ಅವನಿಗೆ ಕಾಣುವುದು ಆಕೆಯ ಮುಖ ಮಾತ್ರ.

ಕನ್ನಡದಲ್ಲಿ ಇಲ್ಲಿ ಜಾರುವ ಜಾಗ ಎರಡಿವೆ. ಒಂದು, ನಿರೂಪಣೆಯ ಕಾಲ. 'ಹತ್ತಿದ, ಕೇಳಿದ' ಎಂದು ಹೋಗುತ್ತಿದ್ದದ್ದು ಉದ್ವೇಗದ ಕಡೆ ತಾನಾಗಿ 'ನೋಡುತ್ತಾನೆ, ಓಡುತ್ತಾನೆ' ಆಗಿಬಿಡುತ್ತದೆ. ಬೇಕೆಂದೇ ಮಾಡಿದ್ದರೆ ಸರಿ, ಅರಿವಿಲ್ಲದೆ ಆಗಿದ್ದರೆ ಸರಿಪಡಿಸಿ. ಎರಡು, ಏಕವಚನ ಬಹುವಚನ. ನಿರೂಪಕ ಮೇಷ್ಟ್ರನ್ನು ಮೊದಲ ಪುಟದಲ್ಲಿ 'ಅವರು' ಎಂದು ಕರೆದು ನಾಲ್ಕನೇ ಪುಟದಲ್ಲಿ 'ಅವನು' ಅಂದರೆ ಓದುಗರು ಬೇರೆ ಯಾರೋ ಬಂದರು ಅಂದುಕೊಳ್ಳುತ್ತಾರೆ. 'ತನ್ನ' ಎಂದು ಬರಬೇಕಾದ ಕಡೆ 'ಅವನ' ಬಂದರೂ ಇದೇ ಗೊಂದಲ. 'ಅವನು ಅವನ ಚೀಲ ತೆಗೆದ' ಅಂದರೆ ಕದ್ದಂತೆ ಕೇಳುತ್ತದೆ.

7. ಮಾತು

ಕರಡಿನಲ್ಲಿ ನನ್ನ ಕಂಡಕ್ಟರ್ ಹೀಗೆ ಮಾತಾಡಿದ್ದ: "ಅಮ್ಮಾ, ನಾನು ನಿಮಗೆ ನೂರ ನಲವತ್ತು ರೂಪಾಯಿಗಳನ್ನು ಹಿಂದಿರುಗಿಸಬೇಕಾಗಿದೆ. ದಯವಿಟ್ಟು ಇಳಿಯುವಾಗ ಕೇಳಿ ಪಡೆದುಕೊಳ್ಳಿ." ನಿಂತು ಹೋಗುವ ಜನ ತುಂಬಿದ ಬಸ್ಸಿನಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಶಿಗ್ಗಾವಿ ದಾಟಿರುತ್ತದೆ.

ತಿದ್ದಿದ ಮೇಲೆ: "ಚಿಲ್ಲರ ಇಲ್ರಿ ಅಕ್ಕಾರ. ಹಿಂದ ಬರದೀನಿ ನೋಡ್ರಿ. ಇಳಿಯೂ ಮುಂದ ಇಸ್ಕೊಳ್ರಿ."

ಎಲ್ಲ ಸಂಭಾಷಣೆಗಳನ್ನಷ್ಟೇ ಹೆಕ್ಕಿ, ನಿರೂಪಣೆ ಬಿಟ್ಟು, ಗಟ್ಟಿಯಾಗಿ ಓದಿ. ಯಾರು ಆಡುತ್ತಿದ್ದಾರೆ ಎಂದು ಹೆಸರಿಲ್ಲದೆಯೂ ತಿಳಿಯಬೇಕು. ಇಬ್ಬರೂ ಒಂದೇ ಥರ ಕೇಳಿದರೆ ಇಬ್ಬರೂ ನೀವೇ.

ಆಡುಮಾತಿನಲ್ಲಿ ಊರು ಬೆರೆಸಬೇಡಿ. ಹಾವೇರಿ ಕಡೆಯವನ ಬಾಯಲ್ಲಿ 'ಕಣ್ರೀ' ಬಂದರೆ ಅವನು ಮೈಸೂರು ಸೀಮೆಯವನಾಗಿಬಿಡುತ್ತಾನೆ. ನಿಮ್ಮ ಕಿವಿಯಲ್ಲಿ ಬೆಳೆಯದ ಮಾತು ಬರೆಯುವುದಾದರೆ ಆ ಕಡೆಯವರೊಬ್ಬರಿಂದ ಓದಿಸಲೇಬೇಕು. ಒಂದೇ ಪದಕ್ಕೆ ಒಂದು ಕಡೆ 'ಬರದೀನಿ', ಇನ್ನೊಂದು ಕಡೆ 'ಬರ್ದೀನಿ' ಎಂದು ಬರೆದುಕೊಳ್ಳುವುದು ಮಾಮೂಲು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಟ್ಟಿ ಮಾಡಿ ಒಂದಕ್ಕೆ ಅಂಟಿಕೊಳ್ಳಿ. ಉಚ್ಚಾರಣೆ ಎಲ್ಲ ಹಿಡಿಯಲು ಹೋಗಿ ಓದುವವರು ಅಕ್ಷರ ಕೂಡಿಸಿ ಓದುವ ಹಾಗೆ ಮಾಡುವುದೂ ತಪ್ಪೇ. ನಾಲ್ಕೈದು ಕಡೆ ಸೊಲ್ಲು ಕೇಳಿಸಿದರೆ ಉಳಿದದ್ದನ್ನು ಓದುಗರ ಕಿವಿ ಪೂರೈಸುತ್ತದೆ.

ಕರೆಯುವ ಪದಗಳ ಮೇಲೆ ವಿಶೇಷ ಗಮನ ಇರಲಿ. ರೀ, ಅಕ್ಕಾರ, ಯವ್ವಾ, ಏನಪ್ಪಾ, ಸಾರ್: ನಮ್ಮಲ್ಲಿ ಸಂಬಂಧ ಬದಲಾದದ್ದನ್ನು ಮೊದಲು ಹೇಳುವುದೇ ಇವು. ಬಸ್ಸಿನಲ್ಲಿ "ಕಂಡಕ್ಟರ್" ಎಂದು ಕೂಗಿದ ಹೆಂಗಸು ಕೊನೆಯ ದೃಶ್ಯದಲ್ಲಿ "ಬಾ ತಮ್ಮಾ, ಕುಂದ್ರು" ಅನ್ನುತ್ತಾಳೆ. ಅವಳಿಗೆ ಎಲ್ಲ ಗೊತ್ತಿತ್ತು, ಸಿಟ್ಟಿಲ್ಲ ಎಂದು ನಾನು ಎರಡು ಪ್ಯಾರಾ ಬರೆದಿದ್ದೆ. ಎರಡನ್ನೂ ತೆಗೆದೆ.

ಮಾತು ಮುಗಿದ ಮೇಲೆ 'ಎಂದು ಕೋಪದಿಂದ ಗುಡುಗಿದ', 'ಎಂದು ಉಸುರಿದಳು' ಬೇಡ. 'ಅಂದ', 'ಕೇಳಿದಳು' ಸಾಕು. ಕೋಪ ಮಾತಿನಲ್ಲೇ ಇಲ್ಲದಿದ್ದರೆ ಗುಡುಗಿನಿಂದ ಬರುವುದಿಲ್ಲ.

8. ಈಗ ವಾಕ್ಯ

ಇಷ್ಟು ಹೊತ್ತು ತಡೆದಿಟ್ಟ ಕೈಯನ್ನು ಇಲ್ಲಿ ಬಿಡಬಹುದು. ಬಂಕಾಪುರದ ದೃಶ್ಯ ಬೆಳೆಸುವಾಗ ಬರೆದ ಒಂದು ಪ್ಯಾರಾ ಹತ್ತಿರದಿಂದ ನೋಡೋಣ. ಕರಡು:

'ಬಂಕಾಪುರದಲ್ಲಿ ಬಸ್ಸು ನಿಲ್ಲಿಸಲ್ಪಟ್ಟಿತು. ಆ ಹೆಂಗಸು ಒಂದು ಚೀಲವನ್ನು ಹಿಡಿದುಕೊಂಡು ಇಳಿದಳು. ಅವನು ಅವಳನ್ನು ನೋಡಿದನು. ಅವನ ಮನಸ್ಸಿನಲ್ಲಿ ಒಂದು ವಿಚಿತ್ರವಾದ ಭಾವನೆ ಮೂಡಿತು. ಅವನು ತಪ್ಪು ಮಾಡುತ್ತಿದ್ದೇನೆ ಎಂದು ಅವನಿಗೆ ಅನಿಸಿತು. ಆದರೆ ಅವನು ಏನನ್ನೂ ಹೇಳಲಿಲ್ಲ.'

ತಿದ್ದಿದ್ದು:

'ಬಂಕಾಪುರ. ಆಕೆ ಚೀಲ ಎದೆಗವಚಿಕೊಂಡು ಇಳಿದಳು. ಇಳಿದವಳು ಒಮ್ಮೆ ತಿರುಗಿ ನೋಡಿದಳು. ಅವನು ಮಷಿನ್ನಿನ ಬಟನ್ ಒತ್ತುತ್ತಿದ್ದ, ಯಾರಿಗೂ ಟಿಕೆಟ್ ಕೊಡಬೇಕಿರಲಿಲ್ಲ. ರೈಟ್ ಅಂದ.'

ಏನೇನು ಹೋಯಿತು ನೋಡಿ. 'ನಿಲ್ಲಿಸಲ್ಪಟ್ಟಿತು' ಹೋಯಿತು. ಕಥೆಯಲ್ಲಿ 'ಅಲ್ಪಟ್ಟ' ಬಂದ ಕಡೆಯೆಲ್ಲ ಅನುಮಾನಿಸಿ, ನಾವ್ಯಾರೂ ಹಾಗೆ ಮಾತಾಡುವುದಿಲ್ಲ. 'ಒಂದು ಚೀಲ', 'ಒಂದು ಭಾವನೆ' ಎಂಬ 'ಒಂದು'ಗಳು ಹೋದವು. ಎಣಿಸುವ ಅಗತ್ಯವಿದ್ದಾಗ ಮಾತ್ರ ಒಂದು. ನಾಲ್ಕು 'ಅವನು, ಅವನ, ಅವನಿಗೆ' ಹೋದವು. ಕನ್ನಡದ ಕ್ರಿಯಾಪದವೇ ಗಂಡೋ ಹೆಣ್ಣೋ ಎಂದು ಹೇಳುವಾಗ ಪ್ರತಿ ವಾಕ್ಯಕ್ಕೂ ಸರ್ವನಾಮದ ಕಾವಲು ಬೇಡ. 'ವಿಚಿತ್ರವಾದ ಭಾವನೆ' ಹೋಗಿ ಅದರ ಜಾಗಕ್ಕೆ ಕೆಲಸವಿಲ್ಲದೆ ಬಟನ್ ಒತ್ತುವ ಬೆರಳು ಬಂತು. ಮತ್ತು ಆಕೆ ತಿರುಗಿ ನೋಡಿದಳು. ಕೊನೆಯ ದೃಶ್ಯಕ್ಕೆ ಬೇಕಾದ ಬೀಜ ಅದು. ಮೂರನೇ ಹಂತದ ಒಂದು ವಾಕ್ಯ ಕೈಯಲ್ಲಿ ಇಲ್ಲದಿದ್ದರೆ ಅದು ಹೊಳೆಯುತ್ತಿರಲಿಲ್ಲ.

'ಎದ್ದು, ಮುಖ ತೊಳೆದು, ಚಹಾ ಕುಡಿದು, ಚೀಲ ಹೆಗಲಿಗೇರಿಸಿ, ಹೊರಬಂದು ನಿಂತ' ಎಂಬ ರೈಲು ವಾಕ್ಯಗಳು ನಮ್ಮ ಭಾಷೆಗೆ ಸಹಜ, ಆದರೆ ಪುಟಕ್ಕೆ ನಾಲ್ಕು ಬಂದರೆ ಓದುವವರಿಗೆ ತೂಕಡಿಕೆ. ಎರಡನೇ ಡಬ್ಬಿಯಲ್ಲಿ ಒಡೆಯಿರಿ. ಅಥವಾ ಅಷ್ಟೂ ಕ್ರಿಯೆಗಳಲ್ಲಿ ಕಥೆಗೆ ಬೇಕಾದ್ದು ಯಾವುದೋ ಅದೊಂದನ್ನೇ ಇಡಿ.

ಸಿದ್ಧ ಸರಕನ್ನು ಹುಡುಕಿ ತೆಗೆಯಿರಿ: ಸಿಡಿಲು ಬಡಿದಂತಾಯಿತು, ಕಣ್ಣಾಲಿಗಳು ತುಂಬಿಬಂದವು, ಮನಸ್ಸು ಭಾರವಾಯಿತು, ನಿಟ್ಟುಸಿರು ಬಿಟ್ಟ, ಮೌನ ಆವರಿಸಿತು. ಪ್ರತಿಯೊಬ್ಬರಿಗೂ ತಮ್ಮದೇ ಚಾಳಿಯ ಪದವೂ ಇರುತ್ತದೆ. ನನ್ನದು 'ಇದ್ದಕ್ಕಿದ್ದಂತೆ'. ಕರಡಿನಲ್ಲಿ ಹುಡುಕಿದರೆ ಹದಿನಾರು ಸಲ ಸಿಕ್ಕಿತು. ಒಂದೂ ಉಳಿಯಲಿಲ್ಲ. ನಿಮ್ಮದು ಯಾವುದೆಂದು ನಿಮ್ಮ ಕಥೆ ಓದುವ ಗೆಳೆಯರಿಗೆ ಆಗಲೇ ಗೊತ್ತಿರುತ್ತದೆ, ಸಂಕೋಚಕ್ಕೆ ಹೇಳಿರುವುದಿಲ್ಲ.

9. ಗಟ್ಟಿಯಾಗಿ ಓದಿ, ಆಮೇಲೆ ಒಬ್ಬರಿಗೆ ಕೊಡಿ

ಬಾಯಿ ತೊಡರಿದ ಕಡೆಯೆಲ್ಲ ಗುರುತು ಹಾಕುತ್ತ ಗಟ್ಟಿಯಾಗಿ ಓದಿ. ಫೋನಿನಲ್ಲಿ ಧ್ವನಿಮುದ್ರಿಸಿ ಅಡುಗೆ ಮಾಡುತ್ತ ಕೇಳಿದರೆ ಇನ್ನೂ ಒಳ್ಳೆಯದು. ಗಮನ ಒಗ್ಗರಣೆ ಕಡೆ ಹೋದ ಜಾಗಗಳೇ ಕಥೆ ಸಡಿಲವಾದ ಜಾಗಗಳು.

ಮೊದಲ ಓದುಗರು ಒಬ್ಬರು ಅಥವಾ ಇಬ್ಬರು ಸಾಕು. ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, 'ಸೂಪರ್' ಎಂಬ ಹನ್ನೆರಡು ಉತ್ತರ ಬರುತ್ತವೆ. "ಹೇಗಿದೆ?" ಎಂದೂ ಕೇಳಬೇಡಿ. ಎಲ್ಲಿ ಬೇಸರ ಬಂತು, ಎಲ್ಲಿ ಹಿಂದೆ ಹೋಗಿ ಮತ್ತೆ ಓದಬೇಕಾಯಿತು, ಪಾತ್ರ ಹಾಗೆ ಯಾಕೆ ಮಾಡಿತು ಎಂದು ಎಲ್ಲಿ ಅನ್ನಿಸಿತು, ಎಂದು ಕೇಳಿ. ಅವರು ಹೇಳುವ ಪರಿಹಾರ ಹೆಚ್ಚಾಗಿ ತಪ್ಪಿರುತ್ತದೆ, ತೋರಿಸುವ ಜಾಗ ಸರಿ ಇರುತ್ತದೆ. ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ. ಓದುವವರೆಲ್ಲರ ಪಕ್ಕ ಕೂತು ವಿವರಿಸಲು ನೀವು ಇರುವುದಿಲ್ಲ.

10. ಕಾಗುಣಿತ ಮತ್ತು ಕಡತ

ಅಲ್ಪಪ್ರಾಣ ಮಹಾಪ್ರಾಣ, ಅಕಾರ ಹಕಾರ, ಲ ಳ, ನ ಣ, ಶ ಷ ಸ. ಕಂಪ್ಯೂಟರಿನ ಕನ್ನಡ ಕಾಗುಣಿತ ಪರೀಕ್ಷಕ ಸಂಧಿ, ವಿಭಕ್ತಿ ಸೇರಿದ ಸರಿಯಾದ ಪದಗಳಿಗೂ ಕೆಂಪು ಗೆರೆ ಎಳೆಯುತ್ತದೆ, 'ಹಾಲು' ಬರೆಯಬೇಕಿದ್ದ ಕಡೆ 'ಹಾಳು' ಬರೆದಿದ್ದರೆ ಸುಮ್ಮನಿರುತ್ತದೆ. ಕೊನೆಯ ಪುಟದಿಂದ ಹಿಂದಕ್ಕೆ ಪ್ಯಾರಾ ಪ್ಯಾರಾ ಓದಿ. ಕಥೆಯ ಸೆಳೆತ ಇಲ್ಲದಾಗ ಅಕ್ಷರ ಕಾಣುತ್ತದೆ.

ಹೆಸರುಗಳನ್ನು ಹುಡುಕಿ ಬದಲಿಸುವಾಗ ಒಂದು ಎಚ್ಚರಿಕೆ. 'ರಾಜ್‌ಕುಮಾರ' ಎಂಬಂಥ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆ ಒಂದಿರುತ್ತದೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಹುಡುಕಾಟದಲ್ಲಿ ಕೆಲವು ತಪ್ಪಿಹೋಗಬಹುದು. 'ರಾಮ'ನನ್ನು 'ಶಿವ' ಮಾಡಲು ಹೋಗಿ 'ಆರಾಮ' 'ಆಶಿವ' ಆಗುವುದೂ ಉಂಟು. ಒಂದೊಂದಾಗಿ ನೋಡಿ ಬದಲಿಸಿ.

ಎಲ್ಲಿ ನಿಲ್ಲಿಸಬೇಕು

ತೆಗೆದ ಅಲ್ಪವಿರಾಮವನ್ನು ಮತ್ತೆ ಹಾಕಿ, ಮರುದಿನ ಮತ್ತೆ ತೆಗೆದರೆ ಕೆಲಸ ಮುಗಿದಿದೆ. ಅದರ ಉಲ್ಟಾ ಲಕ್ಷಣವೂ ಇದೆ: ಆರನೇ ಸಲ ತಿದ್ದುವಾಗಲೂ ಮೂರನೇ ಹಂತದ ವಾಕ್ಯವೇ ಬದಲಾಗುತ್ತಿದ್ದರೆ ನೀವು ತಿದ್ದುತ್ತಿಲ್ಲ, ಬೇರೆ ಕಥೆ ಬರೆಯುತ್ತಿದ್ದೀರಿ. ಹಳೆಯದನ್ನು ಮುಚ್ಚಿ ಖಾಲಿ ಹಾಳೆಯಲ್ಲಿ ಶುರುಮಾಡಿ. ತಿದ್ದಿದಷ್ಟೂ ಪಾತ್ರಗಳ ಮಾತು ನಯವಾಗಿ ಎಲ್ಲರೂ ಒಂದೇ ಥರ ಕೇಳತೊಡಗಿದರೆ ಹಿಂದಿನ ತಾರೀಕಿನ ಕಡತ ತೆರೆದು ಅಲ್ಲಿಂದ ಮಾತುಗಳನ್ನು ವಾಪಸ್ ತನ್ನಿ.

ಕಳಿಸುವ ಮುಂಚೆ ಕಡತವನ್ನು ಬೇರೊಬ್ಬರ ಫೋನಿನಲ್ಲಿ ಒಮ್ಮೆ ತೆರೆಸಿ ನೋಡಿ. ನಿಮ್ಮ ಯಂತ್ರದಲ್ಲಿ ಸರಿ ಕಂಡ ಅಕ್ಷರ ಅಲ್ಲಿ ಚೌಕಾಕಾರದ ಡಬ್ಬಿಯಾಗಿರಬಹುದು. ಪದಮಿತಿ, ಪುಟಸಂಖ್ಯೆ, ಕಥೆಯ ಪುಟಗಳಲ್ಲಿ ಹೆಸರು ಇರಬೇಕೋ ಬಾರದೋ ಎಂಬ ನಿಯಮ ಇನ್ನೊಮ್ಮೆ ಓದಿ. 'ಚಿಲ್ಲರೆ' 2,380 ಪದಕ್ಕೆ ಬಂದು ನಿಂತಿತು. ಹಾವೇರಿ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕೂತ ಡ್ರೈವರ್ ಮಾತ್ರ ಇನ್ನೂ 'ಕತ್ತರಿಸಿದ್ದು' ಕಡತದಲ್ಲೇ ಇದ್ದಾನೆ. ಅವನ 450 ಪದಗಳಲ್ಲಿ ಮೂರು ಕಡೆ 'ಬೇ' ಗುರುತಿದೆ, ಒಂದು ಕಡೆಯೂ 'ಸು' ಇಲ್ಲ.